ಔರಾದದ ಹುಲ್ಲು ಕಾಡಿನ ಲೆಕ್ಕಕ್ಕೆ ಬಾರದೆ?

ಬೀದರ ಜಿಲ್ಲೆಯಲ್ಲಿ ಕಾಡಿಲ್ಲವೆಂಬ ಮರುಕದ ಮಾತನ್ನು ಕೇಳಿ ಕೇಳಿ ನನಗೆ ಬೇಸರ ಬಂದಿದೆ. ಕಾಡು ಕಡಮೆಯೆಂಬುದು ನಿಜವೆ. ಆದರೆ ಹಾಗೆಂದ ಮರುಗಳಿಗೆಯೇ ಹುಲ್ಲು ಬೆಳೆದ ಬಯಲಿನ ಕಡೆಗೆ ಬೆರಳು ತೋರಿಸಿ, ಇಲ್ಲಿ ಗುಂಡಿ ತೋಡಿರಿ ಎನ್ನುತ್ತಾರಲ್ಲ, ನನ್ನ ಜಗಳ ಅಲ್ಲಿಂದ ಶುರು.

2017ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅರಣ್ಯಗಳಿಗೆಂದು ಒಂದು ಯೋಜನೆಯನ್ನು ಒಪ್ಪಿತು. 2030ರೊಳಗೆ ಜಗತ್ತಿನ ಅರಣ್ಯ ಶೇಕಡಾ 3ರಷ್ಟು, ಎಂದರೆ ಸುಮಾರು 12 ಕೋಟಿ ಹೆಕ್ಟೇರು, ಹೆಚ್ಚಬೇಕಂತೆ. ಹೆಚ್ಚಲಿ, ಸಂತೋಷ. ಅರಣ್ಯವೆಂದರೆ ಯಾವುದು? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯವರಿಗೆ ಅರ್ಧ ಹೆಕ್ಟೇರಿಗೆ ಮಿಕ್ಕ ನೆಲ, 5 ಮೀಟರು ಮೀರಿದ ಮರ, ನೂರಕ್ಕೆ 10 ಪಾಲು ದಾಟಿದ ನೆರಳು. ನಮ್ಮ ಅರಣ್ಯ ಸಮೀಕ್ಷೆಯವರು ಒಂದು ಹೆಕ್ಟೇರು ಬೇಕೆನ್ನುತ್ತಾರೆ. ನೆರಳಿನ ಅಳತೆ ಅದೇ. ಈ ಪರೀಕ್ಷೆಯಲ್ಲಿ ನೀಲಗಿರಿ ತೋಪು ಪಾಸಾಗುತ್ತದೆ, ನಮ್ಮಲ್ಲಿ ಮಾವಿನ ತೋಟವೂ ಪಾಸಾಗುತ್ತದೆ. ಔರಾದದ ಹುಲ್ಲುಬಯಲು ಮಾತ್ರ ನಾಪಾಸು!

ಆ ಬಯಲನ್ನು ಬರಡೆನ್ನುವವರು ಮಳೆಗಾಲದಲ್ಲಿ ಒಮ್ಮೆ ಬಂದು ನೋಡಲಿ. ನೇಗಿಲು ಇಳಿಯದ ಕಲ್ಲುನೆಲದಲ್ಲಿ ಹುಲ್ಲೇಳುತ್ತದೆ. ನಡುನಡುವೆ ಜಾಲಿ, ಸೀತಾಫಲ. ಕುರಿಮಂದೆಗಳಿಗೂ ತಾಂಡಾಗಳ ದನಗಳಿಗೂ ಅದೇ ಉಗ್ರಾಣ. ಕೃಷ್ಣಮೃಗದ ಮನೆಯೂ ಅದೇ. ದೂರದಿಂದಲೇ ತೋಳವನ್ನು ಕಂಡು ಓಡಿ ಬದುಕುವ ಪ್ರಾಣಿ ಅದು; ಕಣ್ಣಿಗೂ ಕಾಲಿಗೂ ಬಯಲು ಬೇಕು. ಅಲ್ಲಿ ಸಾಲುಸಾಲಾಗಿ ಮರ ನಿಲ್ಲಿಸಿದರೆ ಅದು ಹೋಗುವುದೆಲ್ಲಿಗೆ? ರೈತನ ತೊಗರಿ ಹೊಲಕ್ಕೆ. ಆಮೇಲೆ ಜಿಂಕೆಯ ಕಾಟವೆಂದು ಅರ್ಜಿ ಬರೆಯುವವರೂ ನಾವೇ.

ಮರವಿಲ್ಲದೆ ಮಣ್ಣು ನಿಲ್ಲುವುದೆ ಎನ್ನಬಹುದು. ಹುಲ್ಲಿನ ಬೇರಿಗಿಂತ ಬಿಗಿಯಾಗಿ ಮೇಲ್ಮಣ್ಣನ್ನು ಹಿಡಿಯುವುದು ಯಾವುದು ಸ್ವಾಮಿ? ಮರ ಬೇಕಾದಲ್ಲಿ ನೆಡಿ: ಹಳ್ಳದ ದಂಡೆ, ಕೆರೆಯ ಏರಿ, ಹೊಲದ ಬದು, ಕಡಿದು ಬೋಳಾದ ಕಾಡು.

2023ರಲ್ಲಿ ರಾಜ್ಯದಲ್ಲಿ 5 ಕೋಟಿ ಸಸಿ ನೆಡುವುದಾಗಿ ಸಾರಿದ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ನಮ್ಮ ಭಾಲ್ಕಿಯವರೇ. ಗಾಯರಾಣವೆಂದರೇನೆಂದು ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೆ ಸಸಿಯನ್ನು ಎಣಿಸುವ ಲೆಕ್ಕದಲ್ಲಿ ಹುಲ್ಲಿಗೆ ಕಾಲಮೇ ಇಲ್ಲವಲ್ಲ!

ವಿಶ್ವಸಂಸ್ಥೆಯ ಆ ಯೋಜನೆಯಲ್ಲೇ ಎರಡನೆಯ ಗುರಿಯೊಂದಿದೆ: ಅರಣ್ಯವನ್ನು ನಂಬಿದವರ ಜೀವನೋಪಾಯ ಸುಧಾರಿಸಬೇಕು ಎಂದು. ಭಾಷಣಗಳಲ್ಲಿ ಮೊದಲನೆಯದೇ ಮೊಳಗುತ್ತದೆ. ಅರಣ್ಯವಾಸಿಗಳ ಮೇವಿನ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆಯೂ ಒಪ್ಪಿದೆ. ಹಾಗಿದ್ದ ಮೇಲೆ ಗುಂಡಿ ತೋಡುವ ಮುನ್ನ ಗ್ರಾಮಸಭೆ ಕೂಡಿಸಿ, ಇಲ್ಲಿ ಯಾರ ಮಂದೆ ಯಾವ ತಿಂಗಳು ಮೇಯುತ್ತದೆಂದು ಕೇಳಿ ಬರೆದುಕೊಳ್ಳಲು ಅಧಿಕಾರಿಗಳಿಗೆ ಅಡ್ಡಿಯೇನು?