ಕಂಬದೊಳಗೆ ಟಕ್ ಟಕ್

ಸಮುದ್ರವೇ ಕಾಣದ ಊರಿನ ಕಾಲೇಜಿನಲ್ಲಿ ಕೂತು ಹಾಯಿದೋಣಿಯ ಬಗ್ಗೆ ಬರೆಯೋದು ಸ್ವಲ್ಪ ಅತಿಯಾಯ್ತು ಅಂತ ಕನ್ನಡ ಸಂಘದ ಗೆಳೆಯರು ಈಗಾಗಲೇ ಕಾಲೆಳೆದಿದ್ದಾರೆ. ಇರಲಿ. ವೈಬ್ರೇಷನ್ಸ್ ಪೇಪರನ್ನು ಹೇಗೋ ಪಾಸು ಮಾಡಿಕೊಂಡು ಬಂದ ನಮಗೆಲ್ಲ ಸಂಬಂಧಪಟ್ಟ ಒಂದು ಜಗಳ ಆ ದೋಣಿಯ ಕಂಬದೊಳಗಿದೆ. ನನ್ನ ಪಕ್ಷ ಯಾವುದು ಅಂತ ಮೊದಲೇ ಹೇಳಿಬಿಡ್ತೀನಿ. ಒಂದು ವಸ್ತು ಸುಮ್ಮನೆ ನಿಂತಿರುವಾಗಲೂ ತನ್ನೊಳಗೆ ತಾನೇ ಬಡಿದುಕೊಳ್ಳುತ್ತಿದೆ ಅಂದ್ರೆ ಅದರ ಡಿಸೈನ್ ಇನ್ನೂ ಮುಗಿದಿಲ್ಲ. ಅದನ್ನು ಮುಗಿಸೋ ದಾರಿ ಸದ್ದನ್ನು ಅಡಗಿಸೋದಲ್ಲ, ಹೊಡೆತವನ್ನು ನಿಲ್ಲಿಸೋದು.

ಶಾಲೆಯ ಧ್ವಜಸ್ತಂಭವನ್ನು ನೆನಪಿಸಿಕೊಳ್ಳಿ. ಒಂದು ಜಿಐ ಪೈಪು, ಮೇಲೊಂದು ರಾಟೆ, ಸಡಿಲವಾಗಿ ಸುತ್ತಿಟ್ಟ ಹಗ್ಗ. ಆಷಾಢದ ಗಾಳಿ ಬೀಸಿತು ಅಂದ್ರೆ ರಾತ್ರಿಯಿಡೀ ಟಣ್, ಟಣ್, ಟಣ್. ಹಾಯಿದೋಣಿಗಳು ತಂಗುವ ಮರೀನಾಗಳಲ್ಲಿ ಇಂಥ ಕಂಬಗಳು ಸಾಲುಸಾಲಾಗಿ ನಿಂತಿರುತ್ತವೆ. ಹಾಯಿ ಏರಿಸುವ ಹಗ್ಗಕ್ಕೆ ಹ್ಯಾಲ್ಯಾರ್ಡ್ ಅಂತಾರೆ. ಅದು ಕಂಬದ ಹೊರಗಿದ್ದರೆ ಔಷಧ ಸುಲಭ: ಕಂಬದಿಂದ ಈಚೆಗೆ ಎಳೆದು, ಪಕ್ಕದ ಆಧಾರದ ತಂತಿಗೆ ಒಂದು ಎಲಾಸ್ಟಿಕ್ ಹಗ್ಗದಿಂದ ಕಟ್ಟಿದರೆ ಆಯ್ತು. ದೋಣಿ ಬಿಟ್ಟು ಮನೆಗೆ ಹೋಗುವ ಮುಂಚೆ ಹಾಗೆ ಕಟ್ಟಿ ಹೋಗೋದು ಅಲ್ಲಿ ನೆರೆಹೊರೆಯ ಮರ್ಯಾದೆ.

ಕಷ್ಟ ಇರೋದು ಕಂಬದ ಒಳಗಿನ ಸದ್ದಿನದು. ಮಾಸ್ಟ್, ಅಂದ್ರೆ ನಮ್ಮ ಹಳಬರು ಕೂವೆಕಂಬ ಅಂತಿದ್ದದ್ದು, ಈಗ ಹೆಚ್ಚಿನ ದೋಣಿಗಳಲ್ಲಿ ಎಕ್ಸ್‌ಟ್ರೂಡ್ ಮಾಡಿದ ಅಲ್ಯೂಮಿನಿಯಂ ಕೊಳವೆ. ಮಲಗಿ, ಅಡುಗೆ ಮಾಡಿಕೊಂಡು ವಾರಗಟ್ಟಲೆ ಇರಬಹುದಾದ ಮಧ್ಯಮ ಗಾತ್ರದ ದೋಣಿಯಲ್ಲಿ ಅದು ಸುಮಾರು 14 ಮೀಟರ್ ಎತ್ತರ ಇರುತ್ತೆ. ಗಾಳಿಗೆ ಅಡ್ಡಿ ಕಡಿಮೆಯಾಗಲಿ ಅಂತ ಹಗ್ಗಗಳನ್ನು ಈ ಕೊಳವೆಯ ಒಳಗೇ ಹಾಯಿಸ್ತಾರೆ. ಜೊತೆಗೆ ವೈರುಗಳೂ ಇವೆ: ತುದಿಯ ದೀಪಕ್ಕೊಂದು, ವಿಎಚ್‌ಎಫ್ ಆಂಟೆನಾಗೆ ದಪ್ಪನೆಯ ಕೋ-ಆಕ್ಸಿಯಲ್ ಕೇಬಲ್ಲು, ಗಾಳಿಯ ವೇಗ ಅಳೆಯುವ ಉಪಕರಣಕ್ಕೆ ಇನ್ನೊಂದು. ಹಗ್ಗವನ್ನಾದರೂ ಕೆಳಗಿನಿಂದ ಎಳೆದು ಬಿಗಿ ಮಾಡಬಹುದು. ವೈರುಗಳನ್ನು ಅನೇಕ ದೋಣಿಗಳಲ್ಲಿ ಮೇಲಿನಿಂದ ಹಾಗೇ ಇಳಿಬಿಟ್ಟಿರ್ತಾರೆ. ಹಿಡಿಯಲು ಕೈ ಹೋಗದು, ನೋಡಲು ಕಣ್ಣು ಹೋಗದು.

ಈಗ ದೋಣಿ ಒಂದು ಕೊಲ್ಲಿಯಲ್ಲಿ ಲಂಗರು ಹಾಕಿ ನಿಂತಿದೆ ಅಂದುಕೊಳ್ಳಿ. ಗಾಳಿ ಇಲ್ಲ. ದೂರದ ಸಮುದ್ರದಿಂದ ಬರುವ ಉದ್ದನೆಯ ಅಲೆಗೆ ದೋಣಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಾಡುತ್ತದೆ. ಒಂದು ಓಲಾಟಕ್ಕೆ 4 ಸೆಕೆಂಡು ಹಿಡಿಯೋಣ. ಪ್ರತಿ ಓಲಾಟಕ್ಕೂ ವೈರು ಎಡ ಗೋಡೆಗೆ ಒಂದು, ಬಲ ಗೋಡೆಗೆ ಒಂದು, ಎರಡು ಏಟು ಕೊಡುತ್ತೆ. ಎಂಟು ಗಂಟೆಯ ರಾತ್ರಿಗೆ 14,400 ಏಟು. ಅದೂ ಒಂದೇ ವೈರು, ಒಂದೇ ಜಾಗದಲ್ಲಿ ಬಡಿದರೆ.

ಇಲ್ಲಿ ಒಂದು ಮಜಾ ಇದೆ. ಮೇಲಿನಿಂದ ತೂಗುಬಿಟ್ಟ ವೈರಿನ ಸಹಜ ಆವರ್ತನ ಕಂಡುಹಿಡಿಯಲು ಹೋದರೆ ಎದುರಾಗೋದು ಯಾರು ಗೊತ್ತಾ? ಮ್ಯಾತ್ಸ್ ಪೇಪರಿನಲ್ಲಿ ನಮ್ಮನ್ನೆಲ್ಲ ಅಳಿಸಿದ ಬೆಸೆಲ್ ಫಂಕ್ಷನ್. ಅದಕ್ಕೆ ಬೆಸೆಲ್ ಹೆಸರು ಬೀಳೋದಕ್ಕಿಂತ ಬಹಳ ಮುಂಚೆ, 18ನೇ ಶತಮಾನದ ಮೊದಲರ್ಧದಲ್ಲೇ, ಡೇನಿಯಲ್ ಬರ್ನೂಲಿ ತೂಗುವ ಸರಪಳಿಯ ಓಲಾಟ ಲೆಕ್ಕ ಹಾಕುವಾಗ ಇದೇ ಫಂಕ್ಷನ್ನನ್ನು ಮುಟ್ಟಿದ್ದ. 'ಇದೆಲ್ಲಿ ಉಪಯೋಗಕ್ಕೆ ಬರುತ್ತೆ ಸಾರ್' ಅಂತ ಕೇಳ್ತಿದ್ದವರಿಗೆ ಉತ್ತರ ಸಿಕ್ಕಿತಲ್ಲ! 14 ಮೀಟರಿನ ವೈರಿಗೆ ಲೆಕ್ಕ ಹಾಕಿದರೆ ಮೊದಲ ಮೋಡಿನ ಅವಧಿ ಸುಮಾರು 6.2 ಸೆಕೆಂಡು, ಎರಡನೆಯದು 2.7 ಸೆಕೆಂಡು. ದೋಣಿಯ ಓಲಾಟವೂ ಹೆಚ್ಚುಕಮ್ಮಿ ಇದೇ ವ್ಯಾಪ್ತಿಯಲ್ಲಿ ಬರುತ್ತೆ. ಇನ್ನೊಂದು ವಿಷಯ, ಈ ಸೂತ್ರದಲ್ಲಿ ವೈರಿನ ತೂಕವೇ ಇಲ್ಲ, ಉದ್ದ ಮತ್ತು ಗುರುತ್ವ ಅಷ್ಟೇ. ಹಾಗಾಗಿ 'ತೆಳ್ಳನೆಯ ವೈರು ಹಾಕಿಸಿ, ಸರಿಹೋಗುತ್ತೆ' ಅನ್ನೋ ಸಲಹೆ ಬಂದರೆ ನಂಬಬೇಡಿ. ಏಟಿನ ಜೋರು ಒಂದಿಷ್ಟು ಇಳಿದೀತು, ಬಡಿಯೋದು ನಿಲ್ಲದು.

ಏಟು ಸಣ್ಣದೇ. ಆದರೆ ಬೀಳೋದು ತೆಳು ಗೋಡೆಯ ಲೋಹದ ಕೊಳವೆಗೆ. ಅಲ್ಯೂಮಿನಿಯಂಗೆ ತನ್ನೊಳಗೆ ಕಂಪನವನ್ನು ನುಂಗಿಕೊಳ್ಳುವ ಗುಣ ತೀರಾ ಕಡಿಮೆ, ಅದು ಮೊಳಗುತ್ತೆ. ಕೆಲವು ದೋಣಿಗಳಲ್ಲಿ ಈ ಕಂಬ ಡೆಕ್ಕನ್ನು ತೂರಿಕೊಂಡು, ಕ್ಯಾಬಿನ್ನಿನ ನಡುಮಧ್ಯೆ ಇಳಿದು, ತಳದ ಕೀಲ್ ಮೇಲೆ ಕೂರುತ್ತದೆ. ಊಟದ ಮೇಜಿಗೆ ಒರಗಿಕೊಂಡೇ ಒಂದು ಗಂಟೆ ನಿಲ್ಲಿಸಿದ ಹಾಗೆ. ಅದರಿಂದ ಎರಡು ಮಾರು ದೂರದಲ್ಲಿ ಹಾಸಿಗೆ.

ಇದು ಶ್ರೀಮಂತರ ಆಟಿಕೆಯ ಕಿರಿಕಿರಿ, ನಮಗೇನು ಅಂತ ಕೇಳಬಹುದು. ನಾನು ಹಾಗೆ ನೋಡೋದಿಲ್ಲ. 2024ರ ಅಕ್ಟೋಬರ್ 2ರಂದು ಗೋವಾದಿಂದ ಹೊರಟ ನಮ್ಮ ನೌಕಾಪಡೆಯ ದಿಲ್ನಾ ಮತ್ತು ರೂಪಾ, ಐಎನ್‌ಎಸ್‌ವಿ ತಾರಿಣಿ ಎಂಬ 17 ಮೀಟರ್ ಉದ್ದದ ಹಾಯಿದೋಣಿಯಲ್ಲಿ ಪ್ರಪಂಚ ಸುತ್ತಿ 2025ರ ಮೇ 29ರಂದು ವಾಪಸ್ ಬಂದರು. ಇಬ್ಬರೇ. ಅಂಥ ಪ್ರಯಾಣದಲ್ಲಿ ಒಬ್ಬರು ಕಾವಲಿದ್ದಾಗ ಇನ್ನೊಬ್ಬರು ಮಲಗಬೇಕು. ಅಲ್ಲಿ ನಿದ್ದೆ ಅಂದ್ರೆ ದಿಕ್ಸೂಚಿ, ಚುಕ್ಕಾಣಿ ಇದ್ದ ಹಾಗೆ, ಅದೂ ಒಂದು ಉಪಕರಣ. ನಿದ್ದೆಗೆಟ್ಟ ಮನುಷ್ಯ ನಡುರಾತ್ರಿ ತಪ್ಪು ಹಗ್ಗ ಬಿಚ್ಚಿದರೆ ಅದನ್ನು 'ಮಾನವ ದೋಷ' ಅಂತ ಬರೆದುಕೊಳ್ತೀವಿ. ಅವನನ್ನು ಮಲಗಗೊಡದ ಕಂಬದ ಹೆಸರು ವರದಿಯಲ್ಲಿ ಬರೋದೇ ಇಲ್ಲ.

ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಲಿ ಅನ್ನೋದು ಇನ್ನೂ ಕೆಟ್ಟ ಸಲಹೆ. ಲಂಗರು ಜಾರಲು ಶುರುವಾದಾಗ ಸರಪಳಿಯ ಗರಗರ ಕೇಳಿಸಬೇಕು, ಅಲಾರ್ಮ್ ಕೇಳಿಸಬೇಕು, ಗಾಳಿಯ ದನಿ ಬದಲಾದದ್ದು ಕೇಳಿಸಬೇಕು. ಬೇಡದ ಸದ್ದು ಹೋಗಬೇಕಾಗಿರೋದೇ ಬೇಕಾದ ಸದ್ದು ಕೇಳಿಸಲಿ ಅಂತ. ಅಷ್ಟೇ ಅಲ್ಲ, ಆ ಟಕ್ ಟಕ್ ಒಂದು ಸವೆತದ ಲೆಕ್ಕವೂ ಹೌದು. ಅದೇ 14,400 ಏಟು ಒಳಗಿನ ರಿವೆಟ್ಟಿನ ಬಾಲಕ್ಕೋ, ವೈರು ಹೊರಬರುವ ತೂತಿನ ಅಂಚಿಗೋ ಬೀಳ್ತಿದ್ರೆ ಇನ್ಸುಲೇಷನ್ ಎಷ್ಟು ದಿನ ತಡೆದೀತು? ಒಂದು ದಿನ ದೀಪ ಆರುತ್ತೆ, ಇಲ್ಲ ರೇಡಿಯೋ ಸುಮ್ಮನಾಗುತ್ತೆ.

ಪರಿಹಾರಗಳಿಗೆ ಬರೋಣ. ಎಲ್ಲರಿಗೂ ಮೊದಲು ಹೊಳೆಯೋದು ಫೋಮು. ಕೊಳವೆಯೊಳಗೆ ಸ್ಪಾಂಜಿನ ತುಂಡು ತುರುಕು, ಇಲ್ಲವೇ ಉಬ್ಬುವ ಸ್ಪ್ರೇ ಫೋಮು ತುಂಬು. ಸದ್ದು ಆ ದಿನವೇ ಹೋಗುತ್ತೆ, ಸುಳ್ಳು ಹೇಳಲ್ಲ. ಆದರೆ ಮಾಸ್ಟ್ ಒಳಗೆ ಮಳೆನೀರು, ಉಪ್ಪುನೀರು ಇಳಿಯುತ್ತಲೇ ಇರುತ್ತೆ, ಅದು ಬುಡದ ತೂತಿನಿಂದ ಹರಿದು ಹೋಗಬೇಕು. ಫೋಮು ಆ ನೀರನ್ನು ಹಿಡಿದಿಟ್ಟುಕೊಳ್ಳುತ್ತೆ. ಉಪ್ಪಿನ ಒದ್ದೆ ಬಟ್ಟೆ ಸುತ್ತಿಟ್ಟ ಹಾಗೆ ಅಲ್ಯೂಮಿನಿಯಂ ಒಳಗಿನಿಂದಲೇ ತಿಂದುಹೋಗತೊಡಗುತ್ತೆ. ವರ್ಷಗಳು ಕಳೆದಂತೆ ಫೋಮು ಪುಡಿಯಾಗಿ ಆ ತೂತನ್ನೇ ಮುಚ್ಚಿಬಿಡಬಹುದು. ಸ್ಪ್ರೇ ಫೋಮು ಹಾಕಿದ್ರಂತೂ ಮುಂದೆ ವೈರು ಬದಲಾಯಿಸೋ ಆಸೆಯನ್ನೂ ಬಿಡಬೇಕು. ಒಂದು ಸದ್ದಿಗೋಸ್ಕರ ಮೂರು ಹೊಸ ರೋಗ. ನಮ್ಮ ಕಡೆ ರಸ್ತೆ ಗುಂಡಿಗೆ ಮಣ್ಣು ಸುರಿದು ಹೋಗ್ತಾರಲ್ಲ, ಅದೇ ಜಾತಿ.

ಹಗ್ಗಗಳಿಗೆ ಬಿಗಿತವೇ ಮದ್ದು. ಅವು ಓಡಾಡಬೇಕಾದವು, ಒಳಗೆ ಕಟ್ಟಿಹಾಕುವ ಹಾಗಿಲ್ಲ. ಬಿಗಿತ ನಾಲ್ಕು ಪಟ್ಟು ಮಾಡಿದರೆ ನಡುಭಾಗದ ಬಾಗು ಕಾಲು ಭಾಗಕ್ಕೆ ಇಳಿಯುತ್ತೆ. ತಿಂಗಳುಗಟ್ಟಲೆ ದೋಣಿ ನಿಲ್ಲಿಸಿಡುವವರು ಹ್ಯಾಲ್ಯಾರ್ಡನ್ನೇ ಹೊರಗೆಳೆದು, ಅದರ ಜಾಗದಲ್ಲಿ ತೆಳ್ಳನೆಯ ದಾರ ಬಿಟ್ಟಿರ್ತಾರೆ. ಸದ್ದೂ ಕಡಿಮೆ, ಬಿಸಿಲಿಗೆ ಹಗ್ಗ ಹಾಳಾಗೋದೂ ತಪ್ಪುತ್ತೆ.

ವೈರಿನ ವಿಷಯದಲ್ಲಿ ಬಿಗಿತದ ಮಾತಾಡಬಾರದು. ತಾಮ್ರವನ್ನು ಎಳೆದು ಕಟ್ಟಿದ್ರೆ ಅದರ ಪಾಡು ಬೇರೆ. ಆದರೆ ಅದೇ ಸೂತ್ರದಲ್ಲಿ ಇನ್ನೊಂದು ಬಾಗಿಲಿದೆ: ಬಾಗು ಆಧಾರಗಳ ನಡುವಿನ ಅಂತರದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತೆ. ಅಂತರ ಅರ್ಧ ಮಾಡಿದ್ರೆ ಬಾಗು ಕಾಲು ಭಾಗ. 14 ಮೀಟರಿನ ವೈರಿಗೆ ಪ್ರತಿ ಅರ್ಧ ಮೀಟರಿಗೊಂದು ಆಧಾರ ಕೊಟ್ಟರೆ ಅಂತರ 28 ಪಟ್ಟು ಕಮ್ಮಿ, ಬಾಗು 784 ಪಟ್ಟು ಕಮ್ಮಿ. ಬಡಿಯಲು ಜಾಗವೇ ಉಳಿಯಲ್ಲ.

ಕಣ್ಣಿಗೆ ಕಾಣದ ಕೊಳವೆಯೊಳಗೆ ಪ್ರತಿ ಅರ್ಧ ಮೀಟರಿಗೆ ಆಧಾರ ಕೊಡೋದು ಹೇಗೆ? ದೋಣಿಯವರು ಕಂಡುಕೊಂಡ ಉಪಾಯ ನೋಡಿ. ಹಾರ್ಡ್‌ವೇರ್ ಅಂಗಡಿಯ ಕೇಬಲ್ ಟೈ ತಗೊಂಡು ವೈರಿನ ಒಂದೇ ಜಾಗದಲ್ಲಿ ಮೂರು ಕಟ್ಟು. ಬಾಲಗಳು ಒಂದಕ್ಕೊಂದು 120 ಡಿಗ್ರಿ ದೂರದಲ್ಲಿರಲಿ. ಬಾಲ ಕತ್ತರಿಸಬೇಡ. ವೈರನ್ನು ಒಳಗೆ ಎಳೆದಾಗ ಆ ಬಾಲಗಳು ಬೆಕ್ಕಿನ ಮೀಸೆಯ ಹಾಗೆ ಗೋಡೆಗೆ ಒತ್ತಿಕೊಂಡು ವೈರನ್ನು ನಡುವೆ ಹಿಡಿದಿಡುತ್ತವೆ. ಮೂರೇ ಯಾಕೆ ಅಂದ್ರೆ, ಎದುರುಬದುರು ಎರಡೇ ಇದ್ದರೆ ಅಡ್ಡ ದಿಕ್ಕಿನಲ್ಲಿ ವೈರು ಆಡುತ್ತೆ. ಮೂರು ದಿಕ್ಕಿನಿಂದ ಹಿಡಿದರೆ ತಪ್ಪಿಸಿಕೊಳ್ಳಲು ದಿಕ್ಕೇ ಇಲ್ಲ. ವರ್ಕ್‌ಶಾಪಿನ ಲೇಥಿನಲ್ಲಿ ತ್ರೀ-ಜಾ ಚಕ್ ಮಾಡೋ ಕೆಲಸವೂ ಇದೇ. ನೈಲಾನ್ ನೀರು ಕಟ್ಟಿಕೊಂಡು ಕೂರಲ್ಲ, ನೀರು ಪಕ್ಕದಿಂದ ಇಳಿದು ಹೋಗುತ್ತೆ.

ಎಲ್ಲ ದೋಣಿಗೂ ಇದು ಒಗ್ಗುತ್ತೆ ಅಂತ ನಾನು ವಾದಿಸೋದಿಲ್ಲ. ಹಗ್ಗವೂ ವೈರೂ ಒಂದೇ ಪೊಳ್ಳಿನಲ್ಲಿ ಓಡಾಡುತ್ತಿದ್ದರೆ ಹಗ್ಗ ಈ ಮೀಸೆಗಳಿಗೆ ಸಿಕ್ಕಿಕೊಳ್ಳಬಹುದು. ಹಾಯಿ ಇಳಿಸಲೇಬೇಕಾದ ಹೊತ್ತಿನಲ್ಲಿ ಹಗ್ಗ ಜಾಮ್ ಆದರೆ ಟಕ್ ಟಕ್ ಸದ್ದೇ ವಾಸಿ ಅನ್ನಿಸುತ್ತೆ. ಅಂಥ ಕಡೆ ಪಿವಿಸಿ ಕಾಂಡ್ಯೂಟ್ ಪೈಪನ್ನು ಒಳಗೋಡೆಗೆ ರಿವೆಟ್ ಮಾಡಿ ವೈರುಗಳನ್ನು ಅದರೊಳಗೆ ಹಾಯಿಸೋದೇ ಸರಿ. ರಿವೆಟ್ಟಿನ ಬಾಲ ಹಗ್ಗವನ್ನು ಕೆರೆಯದಂತೆ, ರಿವೆಟ್ಟಿನ ಲೋಹ ಮತ್ತು ಅಲ್ಯೂಮಿನಿಯಂ ನಡುವೆ ಉಪ್ಪುನೀರಿನಲ್ಲಿ ಗ್ಯಾಲ್ವಾನಿಕ್ ಜಗಳ ಹತ್ತದಂತೆ ನೋಡಿಕೊಳ್ಳಬೇಕು. ಕೆಲವು ಮಾಸ್ಟ್‌ಗಳಲ್ಲಿ ಎಕ್ಸ್‌ಟ್ರೂಷನ್ನಿನಲ್ಲೇ ಇದಕ್ಕೊಂದು ಗಾಡಿ ಇರುತ್ತೆ, ಪೈಪನ್ನು ಜಾರಿಸಿ ಕೂರಿಸಿದರೆ ಸಾಕು. ಕಾರ್ಖಾನೆಯಲ್ಲಿ ಅಷ್ಟು ಮಾಡಿ ಕಳಿಸಿದ್ದರೆ ಈ ಲೇಖನವೇ ಬೇಕಿರಲಿಲ್ಲ. ಮಾಡದೇ ಇರೋದಕ್ಕೆ ನನಗೆ ತೋಚುವ ಕಾರಣ ಒಂದೇ: ಕಂಬ ಡಿಸೈನ್ ಮಾಡಿದವನು ಅದರ ಪಕ್ಕದಲ್ಲಿ ಮಲಗಲ್ಲ. ಹಾಯಿ ತುಂಬಿ ದೋಣಿ ವಾಲಿದಾಗಿನ ಲೋಡುಗಳನ್ನೆಲ್ಲ ಅವನು ಲೆಕ್ಕ ಹಾಕಿರ್ತಾನೆ, ದೋಣಿ ಸುಮ್ಮನೆ ನಿಂತಿರುವ ರಾತ್ರಿ ಅವನ ಲೋಡ್ ಕೇಸುಗಳ ಪಟ್ಟಿಯಲ್ಲಿರಲ್ಲ.

ನಮ್ಮ ತಕರಾರೂ ಇಲ್ಲೇ ಶುರು. ಇದೇ ಸಮಸ್ಯೆಯನ್ನು ಯಾರಾದರೂ ಫೈನಲ್ ಇಯರ್ ಪ್ರಾಜೆಕ್ಟಿಗೆ ತಗೊಂಡ್ರು ಅಂತಿಟ್ಟುಕೊಳ್ಳಿ. ಕಂಬಕ್ಕೆ ಆಕ್ಸೆಲೆರೋಮೀಟರ್ ಅಂಟಿಸಿ, ಎಫ್‌ಎಫ್‌ಟಿ ತೆಗೆದು, ಸದ್ದು ಜಾಸ್ತಿಯಾದಾಗ ಮೊಬೈಲಿಗೆ ಮೆಸೇಜ್ ಕಳಿಸೋ ಆ್ಯಪ್ ಮಾಡಿದ್ರೆ ಒಳ್ಳೇ ಮಾರ್ಕ್ಸು. ಸದ್ದು ಆಗ್ತಿದೆ ಅಂತ ಮಲಗಿರೋನಿಗೆ ಮೆಸೇಜು! ಅವನಿಗೆ ಗೊತ್ತಿಲ್ವಾ? ಅದೇ, ಒಂದು ಪ್ಯಾಕೆಟ್ ಕೇಬಲ್ ಟೈ ತೋರಿಸಿ 'ಸಮಸ್ಯೆ ಮುಗೀತು ಸಾರ್' ಅಂದ್ರೆ ವೈವಾದಲ್ಲಿ ಏನು ಕೇಳ್ತಾರೆ? 'ಏನ್ರೀ ಇದು, ವೈರಿಗೆ ಟೈ ಕಟ್ಟೋದು ಪ್ರಾಜೆಕ್ಟಾ?' ಬೆಸೆಲ್ಲಿನಿಂದ ಶುರುಮಾಡಿ ಅಂತರದ ವರ್ಗದವರೆಗೆ ಬಂದು, ಕೊನೆಗೆ ಮೂರು ಬಾಲಕ್ಕೆ ನಿಂತ ಆ ಯೋಚನೆಗೆ ರೂಬ್ರಿಕ್ಸಿನಲ್ಲಿ ಕಾಲಮ್ಮೇ ಇಲ್ಲ. ಸೆನ್ಸರ್ ಹಾಕೋದು ತಪ್ಪಲ್ಲ, ಎಲ್ಲಿ ಬಡೀತಿದೆ ಅಂತ ಪತ್ತೆಹಚ್ಚೋಕೆ ಅದು ಬೇಕಾಗಬಹುದು. ಆದರೆ ಅಳೆಯೋದನ್ನೇ ರಿಪೇರಿ ಅಂತ ಕರೆಯೋ ಅಭ್ಯಾಸ ನಮ್ಮಲ್ಲಿ ಬೆಳೀತಿದೆ, ಅದು ನನಗೆ ಹಿಡಿಸಲ್ಲ. ಸರ್ಕಾರಿ ಬಸ್ಸಿನಲ್ಲಿ ಗಡಗಡ ಅನ್ನೋ ಕಿಟಕಿ ಗಾಜಿನ ಸಂದಿಗೆ ಟಿಕೆಟ್ಟನ್ನು ನಾಲ್ಕು ಮಡಿಕೆ ಮಡಚಿ ಸಿಕ್ಕಿಸುವ ಅಜ್ಜ ನಮಗಿಂತ ಮೊದಲೇ ಈ ವಿದ್ಯೆ ಕಲಿತಿದ್ದಾನೆ. ಅವನು ಕಿವಿ ಮುಚ್ಚಿಕೊಳ್ಳಲ್ಲ, ಸಂದಿ ಮುಚ್ಚುತ್ತಾನೆ.

ತಂಬೂರಿಯಲ್ಲಿ ಇದರ ಉಲ್ಟಾ ನಡೆಯುತ್ತೆ ಅನ್ನೋದೂ ಸ್ವಾರಸ್ಯವೇ. ತಂತಿಗೂ ಕುದುರೆಗೂ ನಡುವೆ ಜೀವಾಳದ ಎಳೆ ಸಿಕ್ಕಿಸಿ, ತಂತಿ ಕುದುರೆಗೆ ಬೇಕೆಂದೇ ತಾಗಿ ಮೊಳಗುವ ಹಾಗೆ ಮಾಡ್ತಾರೆ. ಎಳೆ ಕೂದಲಿನಷ್ಟು ಆಚೀಚೆ ಸರಿದರೂ ನಾದ ಬದಲು. ಹೊಡೆತ ಎಲ್ಲಿ ಆಗಬೇಕು, ಎಲ್ಲಿ ಆಗಬಾರದು ಅಂತ ಅಷ್ಟು ಸೂಕ್ಷ್ಮವಾಗಿ ಯೋಚಿಸಿದವರು ನಮ್ಮ ವಾದ್ಯ ಮಾಡುವವರು.

ದೋಣಿ ಇರುವ ಸ್ನೇಹಿತರು ಯಾರಾದರೂ ವಿದೇಶದಲ್ಲಿ ಕೂತು ಇದನ್ನು ಓದುತ್ತಿದ್ದರೆ ಒಂದು ವಿನಂತಿ. ಮುಂದಿನ ಸಲ ಕ್ರೇನ್ ತರಿಸಿ ಕಂಬ ಇಳಿಸಿದಾಗ ಪೇಂಟ್ ಡಬ್ಬ ತೆಗೆಯುವ ಮೊದಲು ವೈರುಗಳನ್ನು ಹೊರಗೆಳೆದು ನೋಡಿ. ಎಲ್ಲಿ ಉಜ್ಜಿ ಹೊಳಪಾಗಿದೆಯೋ ಅಲ್ಲೇ ಅದು ಬಡಿಯುತ್ತಿದ್ದದ್ದು. ಹಳೇ ಫೋಮು ಇದ್ದರೆ ಕೆರೆದು ತೆಗೀರಿ, ಬುಡದ ನೀರಿನ ತೂತಿಗೆ ಕಡ್ಡಿ ಹಾಕಿ ಬಿಡಿಸಿ. ವಾಪಸ್ ಹಾಕುವಾಗ ವೈರಿನ ಭಾರವನ್ನು ಮೇಲ್ತುದಿಯಲ್ಲೇ ಒಂದು ಕ್ಲಾಂಪಿಗೆ ಹೊರಿಸಿ, ಕನೆಕ್ಷನ್ನಿಗೆ ಹೊರಿಸಬೇಡಿ. ಟೈಗಳು 20 ಸೆಂಟಿಮೀಟರ್ ಉದ್ದದವಾದರೆ ಸಾಮಾನ್ಯವಾಗಿ ಗೋಡೆ ಮುಟ್ಟುತ್ತವೆ. ಅರ್ಧ ಮೀಟರಿಗೊಂದರಂತೆ 28 ಜಾಗ, ಜಾಗಕ್ಕೆ ಮೂರು, ಒಟ್ಟು 84. ನೂರರ ಪ್ಯಾಕೆಟ್ ತಂದರೆ ಹದಿನಾರು ಉಳಿಯುತ್ತವೆ.