ಬೋಪಣ್ಣನ ವಿದಾಯ, ಕಬ್ಬಿನ ಗದ್ದಲ ಮತ್ತು ಒಂದು ಟೆನಿಸ್ ಅಂಕಣ

2025ರ ನವೆಂಬರ್ 1ರಂದು ರೋಹನ್ ಬೋಪಣ್ಣ ಟೆನಿಸ್‌ಗೆ ವಿದಾಯ ಹೇಳಿದರು. ನಮ್ಮ ಚಿಕ್ಕೋಡಿ, ನಿಪ್ಪಾಣಿ ಕಡೆ ಆ ದಿನ ಅದನ್ನು ಓದುವ ಪುರುಸೊತ್ತು ಯಾರಿಗಿತ್ತು ಹೇಳಿ? ಒಂದು ಕಡೆ ರಾಜ್ಯೋತ್ಸವದ ಮೆರವಣಿಗೆ, ಇನ್ನೊಂದು ಕಡೆ ಕರಾಳ ದಿನದವರ ಕಪ್ಪು ಪಟ್ಟಿ (ಗಡಿನಾಡು ಅಂದಮೇಲೆ ಎರಡೂ ಇರಲೇಬೇಕಲ್ಲ!), ಅದರ ಮೇಲೆ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ದರಕ್ಕಾಗಿ ಪಟ್ಟು ಹಿಡಿದು ಕೂತ ರೈತರು. ಇದರ ನಡುವೆ 45 ವರ್ಷದ ಕೊಡಗಿನ ಮನುಷ್ಯನೊಬ್ಬ ರಾಕೆಟ್ ಕೆಳಗಿಟ್ಟ ಸುದ್ದಿ ಪೇಪರಿನ ಆಟದ ಪುಟದಲ್ಲೇ ಉಳಿದುಹೋಯಿತು.

ನನಗೆ ಮಾತ್ರ ಆ ಕಬ್ಬಿನ ಸುದ್ದಿಗೂ ಈ ಟೆನಿಸ್ ಸುದ್ದಿಗೂ ಸಂಬಂಧ ಇದೆ ಅಂತ ಅನ್ನಿಸುತ್ತಲೇ ಇದೆ. ನಗಬೇಡಿ, ಸ್ವಲ್ಪ ಸುತ್ತಿ ಬಳಸಿ ಹೇಳ್ತೀನಿ.

ಮೊದಲು ಬೋಪಣ್ಣನ ಕಥೆ. ಕೊಡಗು ಅಂದರೆ ಹಾಕಿ. ಮನೆತನಕ್ಕೊಂದು ತಂಡ ಅಂತ ಮುನ್ನೂರಕ್ಕೂ ಹೆಚ್ಚು ತಂಡಗಳು ಸೇರಿ ಹಾಕಿ ಹಬ್ಬ ಮಾಡುವ ನಾಡು ಅದು. ಅಲ್ಲಿ ಟೆನಿಸ್ ಹಿಡಿಯುವುದು ಅಂದರೆ ನಮ್ಮ ಕಡೆ ಕುಸ್ತಿ ಮನೆತನದ ಹುಡುಗ ಚೆಸ್ ಬೋರ್ಡು ತಂದ ಹಾಗೆ. ತಂದೆ ಕಾಫಿ ಬೆಳೆಗಾರರು. ಸರ್ವ್‌ಗೆ ಬಲ ಬರಲಿ ಅಂತ ಸೌದೆ ಒಡೆದದ್ದು, ದಮ್ಮು ಬರಲಿ ಅಂತ ಕಾಫಿ ತೋಟದಲ್ಲಿ ಓಡಿದ್ದು, ಬಿರುಕು ಬಿಟ್ಟ ಅಂಕಣದಲ್ಲಿ ಆಡಿದ್ದು, ಇದನ್ನೆಲ್ಲ ಅವರು ವಿದಾಯದ ಮಾತಿನಲ್ಲೂ ನೆನೆದರು. ಮುಂದೆ ಕಲಿಯಬೇಕು ಅಂದರೆ ಊರು ಬಿಡಲೇಬೇಕಿತ್ತು. ಹದಿಹರೆಯದ ಹುಡುಗ ಪುಣೆಗೆ ಹೋದ, ನಂದನ್ ಬಾಳ್ ಅವರ ಹತ್ತಿರ.

ಪುಣೆ ಅಂದ ಕೂಡಲೇ ನಮ್ಮ ಕಡೆಯವರ ಕಿವಿ ನೆಟ್ಟಗಾಗುತ್ತದೆ. ನಿಪ್ಪಾಣಿಯವರಿಗೆ ಬೆಂಗಳೂರಿಗಿಂತ ಪುಣೆಯೇ ಹತ್ತಿರ. ನಮ್ಮ ಹುಡುಗರು ಕುಸ್ತಿ ಕಲಿಯಲು ಕೊಲ್ಹಾಪುರದ ತಾಲೀಮಿಗೆ ಹೋಗುತ್ತಾರೆ, ಕಾಗವಾಡದವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಿರಜ್. ಕಲಿಕೆಗಾಗಿ ಗಡಿ ದಾಟುವುದು ನಮಗೆ ಹೊಸದಲ್ಲ. ಆದರೆ ನಾವು ದಾಟುವುದು ಬಸ್ಸಿನ ಒಂದೋ ಎರಡೋ ತಾಸಿನ ದಾರಿ. ಕೊಡಗಿನ ಹುಡುಗನಿಗೆ ಅದು ಸಾವಿರ ಕಿಲೋಮೀಟರ್ ಹತ್ತಿರ.

2003ರಲ್ಲಿ ವೃತ್ತಿಪರ ಆಟಗಾರನಾದರು. ಸಿಂಗಲ್ಸ್‌ನಲ್ಲಿ ಮುಟ್ಟಿದ ಎತ್ತರ 213ನೇ ಸ್ಥಾನ, ಅದೂ 2007ರಲ್ಲಿ. ಅಲ್ಲಿಗೆ ಎಷ್ಟೋ ಜನ ಕೋಚ್ ಆಗಿಯೋ ಕಂಪನಿಯ ಕ್ರೀಡಾ ಕೋಟಾದಲ್ಲಿ ಗುಮಾಸ್ತನಾಗಿಯೋ ನೆಲೆಯಾಗುತ್ತಾರೆ. ಇವರು ಡಬಲ್ಸ್ ಹಿಡಿದರು. 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಅಮೆರಿಕನ್ ಓಪನ್ ಫೈನಲ್ ಆಡಿದರು. ಆವತ್ತು ವಿಶ್ವಸಂಸ್ಥೆಯಲ್ಲಿನ ಎರಡೂ ದೇಶಗಳ ರಾಯಭಾರಿಗಳು ಅಕ್ಕಪಕ್ಕ ಕೂತು ಚಪ್ಪಾಳೆ ತಟ್ಟಿದ್ದರು. ಬ್ರಯಾನ್ ಸಹೋದರರ ಎದುರು ಸೋತರು, ಆದರೆ ಅದೇ ತಿಂಗಳು ಚೆನ್ನೈನಲ್ಲಿ ಬ್ರೆಜಿಲ್ ವಿರುದ್ಧದ ಡೇವಿಸ್ ಕಪ್‌ನಲ್ಲಿ 0-2ರಿಂದ ಹಿಂದೆ ಬಿದ್ದಿದ್ದ ಭಾರತಕ್ಕೆ ಐದನೇ ಪಂದ್ಯವನ್ನು ಗೆದ್ದುಕೊಟ್ಟರು. ಅದು ಸಿಂಗಲ್ಸ್ ಪಂದ್ಯ ಅನ್ನೋದು ನೆನಪಿರಲಿ.

2017ರಲ್ಲಿ ಕೆನಡಾದ ಗೇಬ್ರಿಯೆಲಾ ಡಬ್ರೊವ್‌ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರು. ಆಮೇಲೆ ಮೊಣಕಾಲು ಕೈಕೊಟ್ಟಿತು. ಎರಡೂ ಮೊಣಕಾಲಿನಲ್ಲಿ ಮೃದ್ವಸ್ಥಿ ಸವೆದು ಹೋಗಿತ್ತು ಅಂತ ಅವರೇ ಹೇಳಿಕೊಂಡಿದ್ದಾರೆ. 2021ರ ಆರಂಭದಲ್ಲಿ ತಿಂಗಳುಗಟ್ಟಲೆ ಒಂದು ಪಂದ್ಯವನ್ನೂ ಗೆಲ್ಲದೆ, ಇನ್ನು ಸಾಕು ಅನ್ನುವ ಹಂತಕ್ಕೆ ಬಂದಿದ್ದರು. ಅವರನ್ನು ಮತ್ತೆ ನಿಲ್ಲಿಸಿದ್ದು ಅಯ್ಯಂಗಾರ್ ಯೋಗ. (ಕೋಲಾರದ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಕೂಡ ನೆಲೆ ಕಂಡಿದ್ದು ಪುಣೆಯಲ್ಲೇ ನೋಡಿ. ಈ ಪುಣೆಗೆ ನಾವು ಎಷ್ಟು ಜನರನ್ನು ಕೊಟ್ಟಿದ್ದೇವೋ!)

2024ರ ಜನವರಿ 27ರಂದು ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದರು. ಎರಡು ದಿನ ಬಿಟ್ಟು ವಿಶ್ವದ ನಂಬರ್ 1. ಆಗ ವಯಸ್ಸು 43! ಮೊದಲ ಸಲ ಆ ಸ್ಥಾನಕ್ಕೆ ಏರಿದವರಲ್ಲಿ ಅಷ್ಟು ವಯಸ್ಸಾದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಅದೇ ವರ್ಷ ಪದ್ಮಶ್ರೀ ಬಂತು. ನಮ್ಮಲ್ಲಿ 43ಕ್ಕೆ ಜನ ಬೆನ್ನುನೋವಿನ ಬೆಲ್ಟು ಕಟ್ಟಿಕೊಂಡು ಪಂಚಾಯಿತಿ ಕಟ್ಟೆ ಮೇಲೆ ಕೂತಿರುತ್ತಾರೆ :)

"ಡಬಲ್ಸ್ ಏನು ಮಹಾ, ಅರ್ಧ ಅಂಕಣ ಕಾದರೆ ಸಾಕು" ಅನ್ನುವ ಗೆಳೆಯರಿದ್ದಾರೆ. ಅವರ ಜೊತೆ ನನ್ನ ಜಗಳ ಇದ್ದೇ ಇದೆ. ಇನ್ನೂರು ಹದಿಮೂರರಲ್ಲಿ ನಿಂತ ಮನುಷ್ಯ ತನಗೆ ಒಗ್ಗುವ ಆಟ ಯಾವುದು ಅಂತ ಕಂಡುಕೊಂಡು, ಅದರಲ್ಲಿ ಹದಿನೈದು ವರ್ಷ ಮಣ್ಣು ಹೊತ್ತು ಒಂದನೇ ಸ್ಥಾನಕ್ಕೆ ಬಂದಿದ್ದನ್ನು ಸಣ್ಣದು ಅನ್ನುವವರು ಎತ್ತಿನ ಗಾಡಿಯನ್ನು ಒಂದೇ ಎತ್ತು ಎಳೆಯಲಿ ಅನ್ನುವವರು.

ಅವರ ಕೊನೆಕೊನೆಯ ಫೈನಲ್‌ಗಳಲ್ಲಿ ಒಂದು 2025ರಲ್ಲಿ ಟೋಕಿಯೋದಲ್ಲಿ, ತಾಕೇರು ಯೂಝುಕಿ ಅನ್ನುವ ಜಪಾನಿ ಜೊತೆಗಾರನೊಂದಿಗೆ. ಟೋಕಿಯೋ ಅಂದದ್ದಕ್ಕೆ ನನಗೆ ನೆನಪಾಗುವುದು ಇನ್ನೊಬ್ಬ ಜಪಾನಿ, ಕೇ ನಿಶಿಕೋರಿ. ನಾನು ಹೇಳಬೇಕೆಂದಿರುವ ವಿಷಯ ಇಲ್ಲಿಂದಲೇ ಶುರು.

ನಿಶಿಕೋರಿ ಹುಟ್ಟಿದ್ದು 1989ರಲ್ಲಿ, ಶಿಮಾನೆ ಪ್ರಾಂತ್ಯದ ಮಾತ್ಸುಯೆ ಊರಿನಲ್ಲಿ. ಟೋಕಿಯೋ, ಒಸಾಕಾದಂಥ ಊರಲ್ಲ ಅದು. ಜಪಾನಿನ ಹಿತ್ತಲು ಅನ್ನಬಹುದಾದ ಕಡೆ. ಹದಿಮೂರನೇ ವಯಸ್ಸಿಗೆ ಆ ಹುಡುಗ ಅಮೆರಿಕದ ಫ್ಲೋರಿಡಾದ ಅಕಾಡೆಮಿಗೆ ಹೋದ. ಇಂಗ್ಲಿಷ್ ಬರುತ್ತಿರಲಿಲ್ಲ. ಖರ್ಚು ಯಾರದು? ಸೋನಿ ಕಂಪನಿ ಕಟ್ಟಿದ ಅಕಿಯೊ ಮೊರಿಟಾ ಅವರ ತಮ್ಮ ಮಸಾಕಿ ಮೊರಿಟಾ, ಟೆನಿಸ್ ಹುಚ್ಚಿನ ಉದ್ಯಮಿ, ಜಪಾನಿ ಮಕ್ಕಳನ್ನು ಹೊರದೇಶಕ್ಕೆ ಕಳಿಸಲೆಂದೇ ಒಂದು ನಿಧಿ ಮಾಡಿದ್ದರು. ಆ ನಿಧಿಯೇ ನಿಶಿಕೋರಿಯನ್ನು ಕಳಿಸಿದ್ದು.

ಅವನ ಮೇಲೆ ಜಪಾನಿನವರು ಇಟ್ಟಿದ್ದ ಗುರಿಯ ಹೆಸರು ಕೇಳಿ: ಪ್ರಾಜೆಕ್ಟ್ 45. ಅಲ್ಲಿಯವರೆಗೆ ಜಪಾನಿನ ಗಂಡು ಆಟಗಾರನ ಅತ್ಯುತ್ತಮ ಸ್ಥಾನ ಶೂಜೊ ಮಾತ್ಸುಒಕಾ ಮುಟ್ಟಿದ್ದ 46. ಅದಕ್ಕಿಂತ ಒಂದೇ ಒಂದು ಮೆಟ್ಟಿಲು ಮೇಲೆ ಹೋಗಲಿ ಸಾಕು ಅಂತ! ಹುಡುಗ 2014ರಲ್ಲಿ ಜೊಕೊವಿಚ್‌ನನ್ನು ಸೋಲಿಸಿ ಅಮೆರಿಕನ್ ಓಪನ್ ಸಿಂಗಲ್ಸ್ ಫೈನಲ್ ತಲುಪಿದ, ಏಷ್ಯಾದ ಯಾವ ಗಂಡಸೂ ಅಲ್ಲಿಗೆ ಹೋಗಿರಲಿಲ್ಲ. ಚಿಲಿಚ್ ಎದುರು ಸೋತ. 2015ರಲ್ಲಿ ನಾಲ್ಕನೇ ಸ್ಥಾನ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ನಡಾಲ್‌ನನ್ನು ಸೋಲಿಸಿ ಕಂಚು ಗೆದ್ದ. ಜಪಾನಿಗೆ 1920ರ ನಂತರ ಟೆನಿಸ್‌ನಲ್ಲಿ ಬಂದ ಮೊದಲ ಪದಕ. ಅದೇ ರಿಯೋದಲ್ಲಿ ನಮ್ಮ ಬೋಪಣ್ಣ ಮತ್ತು ಸಾನಿಯಾ ಮಿರ್ಜಾ ಕಂಚಿನ ಪಂದ್ಯ ಸೋತು ನಾಲ್ಕನೆಯವರಾದರು.

ಇಬ್ಬರೂ ದೂರದ ಊರಿನವರು, ಇಬ್ಬರೂ ಮೀಸೆ ಮೂಡುವ ಮುಂಚೆ ಮನೆ ಬಿಟ್ಟವರು. ಒಬ್ಬನ ಬೆನ್ನಿಗೆ ಒಂದು ನಿಧಿ ಇತ್ತು, ಇನ್ನೊಬ್ಬನ ಬೆನ್ನಿಗೆ ಅಪ್ಪ ಇದ್ದ. ಒಬ್ಬ ಹದಿನೆಂಟಕ್ಕೇ, ಅಂದರೆ 2008ರಲ್ಲಿ, ಮೊದಲ ಎಟಿಪಿ ಸಿಂಗಲ್ಸ್ ಪ್ರಶಸ್ತಿ ಎತ್ತಿದ. ಇನ್ನೊಬ್ಬನಿಗೆ ಬೆಳಕು ಬರುವ ಹೊತ್ತಿಗೆ ಮೂವತ್ತಾಗಿತ್ತು. ಆಟದ ವ್ಯತ್ಯಾಸ, ಮೈಕಟ್ಟಿನ ವ್ಯತ್ಯಾಸ ಎಲ್ಲ ಇದೆ, ಒಪ್ಪುತ್ತೇನೆ. ಆದರೂ ಆ ಹನ್ನೆರಡು ವರ್ಷದಲ್ಲಿ ದುಡ್ಡಿನ ಪಾಲು ಇಲ್ಲ ಅಂತ ಯಾರೂ ನನಗೆ ಹೇಳಬೇಡಿ. ಮತ್ತೆ ಬೋಪಣ್ಣನಿಗೆ ಕಾಫಿ ತೋಟದ ಅಪ್ಪನಾದರೂ ಇದ್ದ. ಎರಡೆಕರೆ ಕಬ್ಬಿನವನ ಮನೆಯಲ್ಲಿ ಹುಟ್ಟಿದ್ದರೆ?

ಈಗ ಬರೋಣ ಕಬ್ಬಿಗೆ. ಚಿಕ್ಕೋಡಿ, ರಾಯಬಾಗ, ಅಥಣಿ, ನಿಪ್ಪಾಣಿ, ಕಾಗವಾಡ: ಈ ಐದು ತಾಲ್ಲೂಕುಗಳಲ್ಲಿ ಸಕ್ಕರೆ ಕಾರ್ಖಾನೆಯ ಚಿಮಣಿ ಕಾಣದ ದಿಕ್ಕು ಹುಡುಕಬೇಕು. ಸಹಕಾರಿ ಇವೆ, ಖಾಸಗಿ ಇವೆ. ಉಗಾರದಂಥ ಊರು ಬೆಳೆದದ್ದೇ ಕಾರ್ಖಾನೆಯಿಂದ. ಅಧ್ಯಕ್ಷರ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಇದೆ, ಜಾತ್ರೆ ಕುಸ್ತಿಗೆ ಬೆಳ್ಳಿ ಗದೆ ಇದೆ (ಇರಲಿ, ಕುಸ್ತಿ ಬೇಕು, ಅದು ನಮ್ಮ ಪ್ರಾಣ). ಒಂದು ಟೆನಿಸ್ ಅಂಕಣ, ಒಂದು ಮಕ್ಕಳ ನಿಧಿ ಯಾಕಿರಬಾರದು? ವರ್ಷಕ್ಕೆ 10 ಲಕ್ಷ ಟನ್ ನುರಿಸುವ ಕಾರ್ಖಾನೆ ಟನ್ನಿಗೆ ಒಂದು ರೂಪಾಯಿ ಎತ್ತಿಟ್ಟರೆ 10 ಲಕ್ಷ. ಆದರೆ ಇದು ರೈತನ ಬಿಲ್ಲಿನಲ್ಲಿ ಕತ್ತರಿಸುವ ರೂಪಾಯಿ ಆಗಕೂಡದು. 3,500 ಕೇಳಿ ರಸ್ತೆಯಲ್ಲಿ ಕೂತವರಿಗೆ ಸರ್ಕಾರ ನವೆಂಬರ್ 7ರಂದು 3,300 ಅಂತ ತೀರ್ಮಾನ ಕೊಟ್ಟಿತು. ಅದರಲ್ಲೂ ಕೈ ಹಾಕಿದರೆ ಪಾಪ ತಟ್ಟುತ್ತದೆ. ಕಾರ್ಖಾನೆಯ ಪಾಲಿನಿಂದ, ಎಥೆನಾಲಿನ ದುಡ್ಡಿನಿಂದ ಬರಲಿ.

"ಟೆನಿಸ್ ಸಾಹೇಬರ ಆಟ, ನಮ್ಮ ಮಕ್ಕಳಿಗೆ ಯಾಕೆ" ಅಂತೀರಾ? ಮಣ್ಣಿನ ಅಂಕಣ ಕಟ್ಟುವುದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಗರಡಿಯ ಕೆಂಪು ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ ಹಾಕಿ ಹದ ಮಾಡುವ ಮಂದಿ ನಾವು. ಇಲ್ಲಿ ಎಣ್ಣೆ ಹಾಕದೆ ರೋಲರ್ ಹೊಡೆದರೆ ಆಯಿತು. ನೆಟ್ಟು ಕಟ್ಟಲು ಎರಡು ಕಂಬ ಬೇಕು. ಕಷ್ಟ ಇರುವುದು ಕೋಚಿನದು, ಪ್ರವಾಸದ ಖರ್ಚಿನದು. ನಿಧಿ ಬೇಕಾಗಿರುವುದು ಅಲ್ಲಿಗೇ.

ರಾಯಬಾಗದ ಹತ್ತಿರ ನಮ್ಮ ಸಂಬಂಧಿಕರ ಹುಡುಗಿಯೊಬ್ಬಳಿದ್ದಾಳೆ, ಹನ್ನೊಂದು ವರ್ಷ. ಮಿರಜ್‌ನಲ್ಲಿ ಕೊಂಡ ರಾಕೆಟ್ ಹಿಡಿದು ಗೋದಾಮಿನ ಗೋಡೆಗೆ ದಿನಾ ಸಂಜೆ ಚೆಂಡು ಬಾರಿಸುತ್ತಾಳೆ. ಬೋಪಣ್ಣ ಶುರು ಮಾಡಿದ್ದೂ ಹನ್ನೊಂದಕ್ಕೇ ಅಂತ ಅವಳಿಗೆ ಹೇಳಿದ್ದೇ ತಪ್ಪಾಯಿತು, ಈಗ ಬೆಂಗಳೂರಿನ ಟೂರ್ನಿಗೆ ಹೋಗಬೇಕಂತೆ. ಅಂದರೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಒಂದು ರಾತ್ರಿ, ಲಾಡ್ಜು, ಕಬ್ಬು ಕಡಿಯುವ ದಿನಗಳಲ್ಲಿ ಅಪ್ಪನಿಗೆ ಮೂರು ದಿನ ಕೆಲಸ ಇಲ್ಲ. ಅವಳಪ್ಪ ಇನ್ನೂ ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ.

ಅಥಣಿ, ಕಾಗವಾಡ, ಚಿಕ್ಕೋಡಿ ಕಡೆಯ ಮಿತ್ರರೇ, ನಿಮ್ಮೂರಿನಲ್ಲಿ ಗೆರೆ ಎಳೆದು ನೆಟ್ಟು ಕಟ್ಟಿದ, ಮಕ್ಕಳನ್ನು ಒಳಗೆ ಬಿಡುವ ಟೆನಿಸ್ ಅಂಕಣ ಎಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ. ಸದ್ಯಕ್ಕೆ ಅವಳಿಗೆ ಗೋಡೆಯ ಬದಲು ಎದುರಿಗೆ ನಿಂತು ಚೆಂಡು ವಾಪಸ್ ಹೊಡೆಯುವ ಒಬ್ಬ ಮನುಷ್ಯ ಬೇಕು.