ಸ್ಥಾನ ಭದ್ರವಾದ ಮೇಲಿನ ಆಟ

ಹುಮನಾಬಾದಿಗೆ ಹೈದರಾಬಾದು ಹತ್ತಿರ, ಬೆಂಗಳೂರು ದೂರ. 1956ನೆಯ ಇಸವಿಯವರೆಗೆ ಹುಮನಾಬಾದು, ಬಸವಕಲ್ಯಾಣಗಳೆರಡೂ ಹೈದರಾಬಾದು ರಾಜ್ಯಕ್ಕೇ ಸೇರಿದ್ದವು. ಆದುದರಿಂದ 2025ನೆಯ ಇಸವಿಯ ಮೇ 23ರಂದು ಐ.ಪಿ.ಎಲ್. ಪಂದ್ಯದಲ್ಲಿ ಹೈದರಾಬಾದು ತಂಡವು ಬೆಂಗಳೂರನ್ನು 42 ರನ್ನುಗಳಿಂದ ಸೋಲಿಸಿದಾಗ ಹಿಗ್ಗಬೇಕೋ ಕುಗ್ಗಬೇಕೋ ಎಂಬ ಸಂದೇಹವು ಈ ಕಡೆಯವರಿಗೆ ಬಂದಿದ್ದರೆ ಸೋಜಿಗವಲ್ಲ. ನಮಗಾದರೋ ಆ ಪಂದ್ಯದಲ್ಲಿ ವಿಚಾರಾರ್ಹವಾಗಿ ತೋರಿದುದು ಬೇರೊಂದು ಸಂಗತಿ. ಹೈದರಾಬಾದು ಆಗಲೇ ಸ್ಪರ್ಧೆಯಿಂದ ಹೊರಬಿದ್ದಿತ್ತು. ಬೆಂಗಳೂರು ಆಗಲೇ ಕಡೆಯ ನಾಲ್ವರಲ್ಲಿ ಸೇರಿತ್ತು. ಹಾಗಿದ್ದೂ ಆಟವು ನಿಜವಾದ ಆಟವಾಗಿಯೇ ನಡೆಯಿತು.

ಇದಕ್ಕೆ ಆಟಗಾರರ ಸದ್ಗುಣವೊಂದೇ ಕಾರಣವೆಂದು ನಾವು ನಂಬೆವು. 2008ರಿಂದ 2010ರವರೆಗೆ ಈ ಪಂದ್ಯಾವಳಿಯಲ್ಲಿ ಮೊದಲನೆಯವನಿಗೂ ನಾಲ್ಕನೆಯವನಿಗೂ ಸಮಾನವಾಗಿ ಒಂದೊಂದು ಸೆಮಿಫೈನಲ್ಲು ಮಾತ್ರ ದೊರೆಯುತ್ತಿತ್ತು. 2011ರಿಂದೀಚೆಗೆ ಮೊದಲೆರಡು ಸ್ಥಾನದವರಿಗೆ ಒಮ್ಮೆ ಸೋತರೂ ಮತ್ತೊಂದು ಅವಕಾಶವುಂಟು. ಮೂರನೆಯ, ನಾಲ್ಕನೆಯವರಿಗೆ ಅದಿಲ್ಲ. ಇದರ ಫಲವನ್ನು ಅದೇ ವಾರದಲ್ಲಿ ಕಂಡೆವು. ಅಗ್ರಸ್ಥಾನದಲ್ಲಿದ್ದ ಗುಜರಾತು ತಂಡವು, ಹೊರಬಿದ್ದಿದ್ದ ಲಖನೌ ಮತ್ತು ಚೆನ್ನೈಗಳಿಗೆ ಕೊನೆಯೆರಡು ಪಂದ್ಯಗಳನ್ನೊಪ್ಪಿಸಿ ಮೂರನೆಯ ಸ್ಥಾನಕ್ಕಿಳಿಯಿತು. ಮುಂದೆ ಮುಂಬಯಿಯ ಕೈಯಲ್ಲಿ ಒಂದೇ ಸೋಲಿಗೆ ಮನೆ ಸೇರಿತು. ಬೆಂಗಳೂರು ಮೇ 27ರಂದು ಲಖನೌದಲ್ಲಿ 228 ರನ್ನುಗಳ ಗುರಿಯನ್ನು ಎಂಟು ಚೆಂಡುಗಳು ಉಳಿದಿರುವಾಗಲೇ ಮುಟ್ಟಿ ಎರಡನೆಯ ಸ್ಥಾನವನ್ನು ಗಳಿಸಿತು. ಜೂನ್ 3ರಂದು ಹದಿನೆಂಟನೆಯ ವರ್ಷದಲ್ಲಿ ಮೊದಲ ಬಾರಿಗೆ ಪ್ರಶಸ್ತಿಯನ್ನೆತ್ತಿತು.

ಇಂಥ ನಿಯಮದ ಬೆಲೆಯು ಅಮೇರಿಕದ ಕಡೆ ನೋಡಿದರೆ ಚೆನ್ನಾಗಿ ತಿಳಿಯುತ್ತದೆ. ಅಲ್ಲಿ ಫುಟ್‌ಬಾಲೆಂದು ಕರೆಯುವುದು ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ, ಎಲುಬು ಮುರಿಯುವ ಆಟ. ಅಲ್ಲಿಯ ವೃತ್ತಿ ತಂಡಗಳು ಎರಡು ವಿಭಾಗಗಳಾಗಿವೆ. 2020ರಿಂದ ವಿಭಾಗವೊಂದರಿಂದ ಏಳು ತಂಡಗಳು ಮುಂದಿನ ಘಟ್ಟಕ್ಕೆ ಹೋಗುತ್ತವೆ. ಮೊದಲ ಸುತ್ತಿನ ವಿನಾಯಿತಿ ಅಗ್ರಸ್ಥಾನದ ಒಬ್ಬರಿಗೆ ಮಾತ್ರ. 2025ನೆಯ ಜನವರಿ 5ರಂದು, ಆ ಸ್ಥಾನವನ್ನು ಮೊದಲೇ ಭದ್ರಪಡಿಸಿಕೊಂಡಿದ್ದ ಕಾನ್ಸಾಸ್ ಸಿಟಿ ತಂಡವು ಪ್ರಮುಖ ಆಟಗಾರರಿಗೆ ವಿಶ್ರಾಂತಿಯಿತ್ತು ಡೆನ್ವರ್ ತಂಡಕ್ಕೆ 38-0ರಿಂದ ಸೋತಿತು. ಆ ಗೆಲವಿನಿಂದ ಡೆನ್ವರ್ ಏಳನೆಯ ಸ್ಥಾನ ಪಡೆಯಿತು; ಸತತ ಐದು ಪಂದ್ಯಗಳನ್ನು ಗೆದ್ದು ಬಾಗಿಲಲ್ಲಿ ನಿಂತಿದ್ದ ಸಿನ್ಸಿನಾಟಿ ಹೊರಗುಳಿಯಿತು. ಕಾನ್ಸಾಸ್ ಸಿಟಿ ಮಾಡಿದ ಅಪರಾಧವೇನೂ ಇಲ್ಲ. ದುಡಿಮೆಯಿಂದ ಲಾಭವಿಲ್ಲದ ದಿನ ಯಾರು ತಾನೇ ಮೈಮುರಿದು ದುಡಿದಾರು? ಆದರೆ ದಂಡ ತೆತ್ತವರು ಮೂರನೆಯವರು. ಇನ್ನೊಂದು ವಿಪರೀತವೂ ಅಲ್ಲುಂಟು: ಎಲ್ಲರಿಗಿಂತ ಕೆಳಗುಳಿದವರಿಗೆ ಮರುವರ್ಷ ಹೊಸ ಆಟಗಾರರನ್ನಾರಿಸುವ ಪ್ರಥಮಾಧಿಕಾರ. ಸೋಲಿಗೆ ಬಹುಮಾನವಲ್ಲದೆ ಇದಕ್ಕೆ ಬೇರೆ ಹೆಸರಿಲ್ಲ! ನಮ್ಮಲ್ಲಿ ಹರಾಜು ಎಲ್ಲರಿಗೂ ಒಂದೇ. ಅದು ಹಾಗೆಯೇ ಇರಲಿ.

ಆದರೆ ನಮ್ಮ ಏರ್ಪಾಡಿನಲ್ಲಿಯೂ ಒಂದು ಲೋಪವುಂಟು. ಕೊನೆಯ ಪಂದ್ಯಗಳು ಬೇರೆ ಬೇರೆ ದಿನಗಳಲ್ಲಿ ನಡೆಯುತ್ತವೆ. ಎಲ್ಲರಿಗಿಂತ ಕಡೆಗೆ ಆಡಿದ ಬೆಂಗಳೂರಿಗೆ ತನಗೆ ಬೇಕಾದುದೆಷ್ಟೆಂಬುದು ಖಚಿತವಾಗಿ ಗೊತ್ತಿತ್ತು; ಮೊದಲೇ ಆಡಿ ಮುಗಿಸಿದ ಗುಜರಾತಿಗೆ ಆ ಸೌಕರ್ಯವಿರಲಿಲ್ಲ. ಲಾಭ ನಮ್ಮವರಿಗಾಯಿತೆಂದು ನಾವು ಸುಮ್ಮನಿರುವುದು ನ್ಯಾಯವಲ್ಲ. 1982ರ ವಿಶ್ವಕಪ್ ಫುಟ್‌ಬಾಲಿನಲ್ಲಿ ಆಲ್ಜೀರಿಯವು ತನ್ನ ಪಂದ್ಯವನ್ನು ಹಿಂದಿನ ದಿನವೇ ಮುಗಿಸಿತ್ತು. ಪಶ್ಚಿಮ ಜರ್ಮನಿಯು ಒಂದು ಗೋಲಿನಿಂದ ಗೆದ್ದರೆ ತಮ್ಮಿಬ್ಬರಿಗೂ ಕ್ಷೇಮವೆಂದರಿತ ಜರ್ಮನಿ, ಆಸ್ಟ್ರಿಯಗಳು, ಆ ಗೋಲು ಬಿದ್ದ ಬಳಿಕ ಚೆಂಡನ್ನು ಅತ್ತಿತ್ತ ತಳ್ಳುತ್ತ ಕಾಲ ಕಳೆದವು, ಆಲ್ಜೀರಿಯ ಹೊರಬಿದ್ದಿತು. 1986ರಿಂದ ಅಲ್ಲಿ ಗುಂಪಿನ ಕಡೆಯ ಪಂದ್ಯಗಳು ಒಂದೇ ಹೊತ್ತಿಗೆ ನಡೆಯುತ್ತಿವೆ.

ನಮ್ಮ ಕ್ರಿಕೆಟ್ ಮಂಡಳಿಯೂ ಸ್ಥಾನನಿರ್ಣಯದ ಕಡೆಯ ಪಂದ್ಯಗಳನ್ನು ಒಂದೇ ಸಂಜೆ, ಒಂದೇ ಗಳಿಗೆಗೆ ನಡೆಸಲಿ. ದಿನದ ಲೆಕ್ಕ ಮುಗಿಸಿ ಆಟ ನೋಡಲು ಕೂಡುವ ಬಸವಕಲ್ಯಾಣದ ಗುಮಾಸ್ತನಿಗೆ ಅಂದು ಸಲ್ಲಬೇಕಾದುದು ಯಾರೂ ಮುಂಚಿತವಾಗಿ ಎಣಿಸಲಾಗದ ಪಂದ್ಯ. ಪ್ರಸಾರದ ಆದಾಯವು ಎರಡು ಮೂರು ಸಂಜೆಗಳ ಮಟ್ಟಿಗೆ ತಗ್ಗೀತೆಂಬ ಆಕ್ಷೇಪಣೆಯು ಬರುವುದು ಖಂಡಿತ. ಆ ನಷ್ಟವನ್ನು ತಾಳಲಾರದಷ್ಟು ಬಡತನವು ಮಂಡಳಿಗೆ ಬಂದಿಲ್ಲ.